ದಾನಿಗಳ ಪಟ್ಟಿಯೂ ಔಷಧಿಯೇ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಅಕ್ಕನಿಗೆ ಸ್ಟೆಮ್ ಸೆಲ್, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕಣ, ಕೊಟ್ಟವನು. ಮೊದಲು ಕೆಲವು ದಿನ ಇಂಜೆಕ್ಷನ್, ಜೊತೆಗೆ ಸೊಂಟನೋವು. ಆಮೇಲೆ ಒಂದು ಕೈಯಿಂದ ರಕ್ತ ಮೆಷಿನ್ನಿಗೆ ಹೋಗಿ ಇನ್ನೊಂದು ಕೈಗೆ ವಾಪಸ್ ಬರುತ್ತಿತ್ತು. ನಡುವೆ ತುಟಿ ಜುಮುಜುಮು ಅಂದಿತು. ನರ್ಸ್ ಕ್ಯಾಲ್ಸಿಯಂ ಮಾತ್ರೆ ಕೊಟ್ಟರು, ಸರಿಹೋಯಿತು. ನನ್ನ ಕಷ್ಟ ಅಷ್ಟೇ.

ಅಕ್ಕನಿಗೆ ಲ್ಯುಕೇಮಿಯಾ, ರಕ್ತದ ಕ್ಯಾನ್ಸರ್. ಕೀಮೊ ಮುಗಿದಾಗ 'ರೆಮಿಷನ್' ಅಂದರು. ವಾಸಿಯಾಯ್ತು ಅಂತ ಮನೆಯವರೆಲ್ಲ ಕುಣಿದೆವು. ಆದರೆ ಅಸ್ಥಿಮಜ್ಜೆಯಲ್ಲಿ ಎಳೆಯ, ಬಲಿಯದ ಕಣಗಳು ಶೇ. 5ಕ್ಕಿಂತ ಕಡಿಮೆಯಾದರೂ ರೆಮಿಷನ್ ಅನ್ನುತ್ತಾರಂತೆ. ಮೈಕ್ರೋಸ್ಕೋಪಿಗೆ ಕಾಣದ ಕೋಟ್ಯಂತರ ಕ್ಯಾನ್ಸರ್ ಕಣ ಆಗಲೂ ಅಡಗಿ ಕೂತಿರಬಹುದು.

ಅವನ್ನು ಹುಡುಕಿ ಕೊಲ್ಲುವುದು ದಾನಿಯಿಂದ ಬಂದ ರೋಗನಿರೋಧಕ ಕಣಗಳು, ಅದರಲ್ಲೂ ಟಿ ಕೋಶಗಳು. ತದ್ರೂಪಿ ಅವಳಿಗಳಿಂದ ಮಜ್ಜೆ ಪಡೆದವರಲ್ಲಿ ಕಾಯಿಲೆ ಜಾಸ್ತಿ ಮರುಕಳಿಸುತ್ತದೆ. ವಿಚಿತ್ರ ಅಲ್ವಾ? ಅವಳಿಯ ಟಿ ಕೋಶಕ್ಕೆ ಆ ದೇಹದಲ್ಲಿ ಎಲ್ಲವೂ ತನ್ನದೇ ಅನಿಸುತ್ತದೆ, ಕ್ಯಾನ್ಸರ್ ಕೂಡ. ಕಸಿಯಾದ ಮೇಲೆ ಮರುಕಳಿಸಿದ ಕೆಲವರಿಗೆ ಅದೇ ದಾನಿಯ ಬಿಳಿ ರಕ್ತಕಣ ಕೊಟ್ಟು ಮತ್ತೆ ರೆಮಿಷನ್ನಿಗೆ ತಂದದ್ದು 1990ರಲ್ಲೇ ವರದಿಯಾಗಿದೆ.

ಅಕ್ಕನ ಅಂಗೈ ಕೆಂಪಾಗಿ ತುರಿಕೆ ಶುರುವಾದಾಗ ನಾನು ಗಾಬರಿಬಿದ್ದೆ. ಡಾಕ್ಟರ್ ನಕ್ಕರು. "ನಿಮ್ಮ ಕಣಗಳು ಅಕ್ಕನ ದೇಹದ ಜೊತೆ ಜಗಳ ಶುರುಮಾಡಿವೆ. ಇಷ್ಟಾದರೆ ಪರವಾಗಿಲ್ಲ, ಜಾಸ್ತಿಯಾದರೆ ಕಷ್ಟ." ಆ ಜಗಳ ಹತೋಟಿ ಮೀರಿದರೆ ಜೀವಕ್ಕೇ ಅಪಾಯ, ಅದೂ ನಿಜ.

ರೋಗಿಯ ಸ್ವಂತ ಟಿ ಕೋಶಗಳನ್ನೇ ಲ್ಯಾಬಿನಲ್ಲಿ ತಿದ್ದಿ ವಾಪಸ್ ಕೊಡುವ ಕಾರ್-ಟಿ ಚಿಕಿತ್ಸೆಗೆ ಅಮೆರಿಕ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಅದು ಎಲ್ಲ ಬಗೆಯ ರಕ್ತ ಕ್ಯಾನ್ಸರಿಗೂ ಇಲ್ಲ. ಹಾಗಾಗಿ ದಾನಿ ಇನ್ನೂ ಬೇಕೇ ಬೇಕು.

ಒಡಹುಟ್ಟಿದವರಲ್ಲೂ ಪೂರ್ತಿ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬಳೇ ಮಗಳಾದರೆ ಅದೂ ಇಲ್ಲ. ಅಕ್ಕನ ಪಕ್ಕದ ಕೋಣೆಯಲ್ಲಿ ಅಂಥ ಹುಡುಗಿಯೊಬ್ಬಳಿದ್ದಳು. ಅವಳ ಅಪ್ಪ ದಾನಿಯನ್ನು ಹುಡುಕುತ್ತಾ ದಿನಾ ಫೋನ್ ಹಿಡಿದು ಕಾರಿಡಾರಿನಲ್ಲಿ ಓಡಾಡುತ್ತಿದ್ದರು.

ಕೀಮೊ ಔಷಧಿಗೆ ಹಣ ಇಡುವ ಹಾಗೆಯೇ ದಾನಿಗಳ ನೋಂದಣಿಗೂ ಇಡಿ. ರಕ್ತದಾನ ನಡೆಯುವಲ್ಲೆಲ್ಲ ಕೆನ್ನೆಯೊಳಗಿನ ಸ್ವಾಬ್ ತೆಗೆಸಿ, ದಾನಿಗೂ ರೋಗಿಗೂ ಹೊಂದಿಕೆ ಇದೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆಯ ಖರ್ಚು ಸರ್ಕಾರವೇ ಹೊರಲಿ. ಅಡಗಿ ಉಳಿದ ಕ್ಯಾನ್ಸರ್ ಕಣ ಹುಡುಕುವ ಎಂಆರ್‌ಡಿ ಪರೀಕ್ಷೆಯನ್ನೂ ಸೇರಿಸಿ.

ಮೊದಲ ಸ್ವಾಬ್ ನಿಮ್ಮದೇ ಆಗಲಿ. ದಾನಿಯ ವಯಸ್ಸು ದಾಟಿದ್ದರೆ, ಮನೆಯ ಮಕ್ಕಳನ್ನು ಕಳಿಸಿ.

ಇಂತಿ,
ಒಬ್ಬ ದಾನಿ