ಏರಿಳಿತವೊಂದೇ ಗುರುತಲ್ಲ

ಮಾನ್ಯ ಸಂಪಾದಕರೇ,

ಪರಿಚಯವಿಲ್ಲದ ಏಷ್ಯಾದ ಭಾಷೆಗಳನ್ನು ಕಿವಿಯಿಂದಲೇ ಗುರುತಿಸುವ ಬಗೆಯನ್ನು ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಮಾತು ರಾಗ ಎಳೆದಂತೆ ಏರಿಳಿದರೆ ಚೀನೀ, ಏರಿಳಿತ ಇನ್ನೂ ಹೆಚ್ಚಾಗಿದ್ದರೆ ವಿಯೆಟ್ನಾಮೀ ಎಂಬ ಅದರ ಸೂತ್ರವನ್ನು ಮಾತ್ರ ಒಪ್ಪಲಾಗದು.

ದನಿಯ ಮಟ್ಟ ಬದಲಾದರೆ ಪದದ ಅರ್ಥವೇ ಬದಲಾಗುವ ಗುಣ, ಅಂದರೆ ಟೋನ್, ಯಾವ ಒಂದು ಭಾಷೆಯ ಸ್ವತ್ತೂ ಅಲ್ಲ. ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನಲ್ಲಿ 4, ಥಾಯ್‌ನಲ್ಲಿ 5, ಹನೋಯ್‌ನ ವಿಯೆಟ್ನಾಮೀಯಲ್ಲಿ 6, ಹಾಂಗ್‌ಕಾಂಗ್ ಕಡೆಯ ಚೀನೀ ಭಾಷೆಯಾದ ಕ್ಯಾಂಟನೀಸ್‌ನಲ್ಲೂ 6 ಟೋನ್‌ಗಳಿವೆ. ಆದರೆ ಭಾಷೆ ಬಾರದವರು ಇವನ್ನು ಎಣಿಸುವುದು ಹೇಗೆ? ಕೇಳಿಸಿದ ಏರಿಕೆ ಪದಕ್ಕೆ ಸೇರಿದ್ದೋ, ಪ್ರಶ್ನೆಗೆ ಸೇರಿದ್ದೋ, ಮಾತಾಡುವವರ ಸಿಟ್ಟಿಗೆ ಸೇರಿದ್ದೋ ಎಂಬುದೇ ಅವರಿಗೆ ತಿಳಿಯದು. ಪಂಜಾಬಿಯೂ ಟೋನ್ ಇರುವ ಭಾಷೆಯೇ. ಅಲ್ಲಿ 'ಘೋಡಾ' ಎಂಬುದು ತಗ್ಗಿದ ದನಿಯ 'ಕೋಡಾ' ಎಂಬಂತೆ ಕೇಳುತ್ತದೆ, ಆದರೂ ಅದನ್ನು ಯಾರೂ ಚೀನೀ ಎಂದು ಭ್ರಮಿಸುವುದಿಲ್ಲ. ಥಾಯ್ ಮತ್ತು ವಿಯೆಟ್ನಾಮೀಗಳ ನಡುವಿನ ನೆಲವಾದ ಕಾಂಬೋಡಿಯಾದ ಖ್ಮೇರ್‌ಗಾದರೋ, ಅದರ ಪ್ರಮಾಣಿತ ರೂಪದಲ್ಲಿ, ಟೋನ್‌ಗಳೇ ಇಲ್ಲ.

ಈ ವಿಷಯದಲ್ಲಿ ನಾನೂ ಎಡವಿದವನೇ. ಪರಿಚಿತರೊಬ್ಬರು ಕಳಿಸಿದ ಧ್ವನಿಮುದ್ರಿಕೆಯಲ್ಲಿ ಹೆಂಗಸೊಬ್ಬರು ಏನನ್ನೋ ಎಣಿಸುತ್ತಿದ್ದರು. 'ಸಾಮ್', 'ಕಾವ್', ಕೊನೆಗೆ 'ಸಿಪ್' ಎಂಬಂಥ ಪದಗಳು ಕಿವಿಗೆ ಬಿದ್ದದ್ದೇ ತಡ, ಥಾಯ್ ಎಂದು ತೀರ್ಪು ಕೊಟ್ಟುಬಿಟ್ಟೆ. ಅದು ಕ್ಯಾಂಟನೀಸ್ ಆಗಿತ್ತು. ಹತ್ತಕ್ಕೆ ಥಾಯ್‌ನಲ್ಲಿ 'ಸಿಪ್', ಅವರು ಹೇಳಿದ್ದು 'ಸಪ್'. ಥಾಯ್ ಭಾಷೆ ತನ್ನ ಸಂಖ್ಯಾಪದಗಳಲ್ಲಿ ಬಹುಪಾಲನ್ನು ಬಹಳ ಹಿಂದೆಯೇ ಚೀನೀ ಭಾಷೆಯಿಂದ ಪಡೆದಿರುವುದರಿಂದ ಮೂರು, ನಾಲ್ಕು, ಎಂಟು, ಒಂಬತ್ತು, ಹತ್ತು ಎರಡರಲ್ಲೂ ಒಡಹುಟ್ಟಿದವರಂತೆ ಕೇಳುತ್ತವೆ. ಮತ್ತೆ ಮೊದಲಿನಿಂದ ಕೇಳಿದಾಗ ಐದರಲ್ಲಿ ಗುಟ್ಟು ಬಯಲಾಯಿತು. ಥಾಯ್‌ನಲ್ಲಿ ಐದಕ್ಕೆ 'ಹಾ'. ಕ್ಯಾಂಟನೀಸ್‌ನಲ್ಲಿ ಬರಿಯ 'ಙ್', ಅದಕ್ಕೆ ಸ್ವರಾಕ್ಷರವೇ ಇಲ್ಲ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಮುಂದೆ ಒಂದು ಪದದ ಆರಂಭದಲ್ಲೂ ಬಳಸದೆ ಬಿಟ್ಟ ನಮ್ಮ ಅಕ್ಷರ ಅಲ್ಲಿ ಒಂಟಿಯಾಗಿ ಒಂದು ಇಡೀ ಪದವಾಗಿ ನಿಂತಿತ್ತು!

ಅಂದಿನಿಂದ ನಾನು ಏರಿಳಿತವನ್ನು ಬದಿಗಿಟ್ಟು ಅಕ್ಷರಗಳ ಕೊನೆಯನ್ನು ಕೇಳುತ್ತೇನೆ. ಕನ್ನಡಿಗರಿಗೆ ಇದು ಸುಲಭವಲ್ಲ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಬಸ್ಸನ್ನೂ ಲೈಟನ್ನೂ ನಾವು 'ಬಸ್ಸು', 'ಲೈಟು' ಮಾಡಿಕೊಂಡಿದ್ದೇವೆ. ಕ್ಯಾಂಟನೀಸ್‌ನ 'ಸಪ್' ಎಂಬಲ್ಲಿ ತುಟಿಗಳು ಮುಚ್ಚಿದಲ್ಲೇ ನಿಲ್ಲುತ್ತವೆ, ಗಾಳಿ ಹೊರಬರುವುದಿಲ್ಲ; ಉಕಾರಕ್ಕಾಗಿ ಕಾಯುವ ನಮ್ಮ ಕಿವಿಗೆ ಆ ಪಕಾರ ಕೇಳಿಸದೇ ಹೋಗಬಹುದು. ಅದೇ ಹತ್ತು ಮ್ಯಾಂಡರಿನ್‌ನಲ್ಲಿ 'ಶ್ರ್' ಎಂಬಂತೆ ತೆರೆದೇ ಮುಗಿಯುತ್ತದೆ, ಏಕೆಂದರೆ ಆ ಭಾಷೆ ಪ, ತ, ಕಗಳ ಅಂತ್ಯವನ್ನು ಕಳೆದುಕೊಂಡಿದೆ. ಹೀಗಾಗಿ ಅಂಥ ಗಿಡ್ಡ, ಕತ್ತರಿಸಿದ ಅಂತ್ಯಗಳು ಪದೇ ಪದೇ ಬಂದರೆ ಮ್ಯಾಂಡರಿನ್ ಅನ್ನು ಪಟ್ಟಿಯಿಂದ ತೆಗೆಯಬಹುದು. ಹನೋಯ್ ಕಡೆಯವರ ಮಾತಿನಲ್ಲಿ ಒಂದು ಟೋನ್ ಬಂದಾಗ ಸ್ವರದ ನಡುವೆಯೇ ಗಂಟಲು ಬಿಗಿದು ಮತ್ತೆ ಬಿಡುತ್ತದೆ. ವಿಯೆಟ್ನಾಮಿನ ದಕ್ಷಿಣದವರಲ್ಲಿ ಆ ಟೋನ್ ಇನ್ನೊಂದರಲ್ಲಿ ಬೆರೆತುಹೋಗಿರುವುದರಿಂದ ಈ ಸುಳಿವು ಅಲ್ಲಿ ಕೈಕೊಡುತ್ತದೆ. ಥಾಯ್ ಮಾತನ್ನು ವಿನಯಕ್ಕಾಗಿ ಗಂಡಸರು 'ಖ್ರಪ್' ಎಂದೂ ಹೆಂಗಸರು 'ಖಾ' ಎಂದೂ ಮುಗಿಸುತ್ತಾರೆ. ಬರ್ಮೀಯಲ್ಲಿ ಕನ್ನಡದಂತೆಯೇ ಕ್ರಿಯಾಪದ ಕೊನೆಗೆ ಬರುತ್ತದೆ, ವಾಕ್ಯದ ಮೇಲೆ ವಾಕ್ಯ 'ದೆ' ಅಥವಾ 'ಮೆ' ಎಂದು ನಿಲ್ಲುತ್ತದೆ.

ಬರಹದ ಜೊತೆ ಅಭ್ಯಾಸಕ್ಕೆಂದು ಹಾಡುಗಳನ್ನು ಸೂಚಿಸಿರುವುದಕ್ಕೂ ನನ್ನ ಆಕ್ಷೇಪವಿದೆ. ಮ್ಯಾಂಡರಿನ್‌ನ ಇಂದಿನ ಜನಪ್ರಿಯ ಗೀತೆಗಳಲ್ಲಿ ರಾಗವು ಪದದ ಟೋನನ್ನು ಬಹುಮಟ್ಟಿಗೆ ನುಂಗಿಹಾಕುತ್ತದೆ. ಕ್ಯಾಂಟನೀಸ್ ಗೀತೆಗಳಲ್ಲಿ ಟೋನ್‌ಗೆ ಹೊಂದುವಂತೆ ಪದ ಕೂಡಿಸುತ್ತಾರಾದರೂ ಹೊಸಬರಿಗೆ ಅಲ್ಲಿ ಮಾತು ಯಾವುದು, ರಾಗ ಯಾವುದು ಎಂದು ಬಿಡಿಸಲು ಬಾರದು. ಮುಂದಿನ ಕಂತಿನಲ್ಲಿ ಹಾಡುಗಳ ಬದಲು ಈ ಭಾಷೆಗಳಲ್ಲಿ ಒಂದರಿಂದ ಹತ್ತರವರೆಗೆ ಎಣಿಸುವ ಧ್ವನಿಮುದ್ರಿಕೆಗಳನ್ನು ಸೂಚಿಸಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ