ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ: ಅಂಕ ಸಾಕು, ಮಗು ಎಲ್ಲಿ ತಡವರಿಸುತ್ತಿದೆ ಅಂತ ಹೇಳಿ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರಗಳು.

ಸರ್, ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಿಮ್ಮನ್ನು ಕೇಳುವುದು ಒಂದೇ ವಿಷಯ. ಶಿಕ್ಷಕರು ಎಸ್‌ಎಟಿಎಸ್‌ಗೆ, ಅಂದರೆ ಪ್ರತಿ ಮಗುವಿನ ಲೆಕ್ಕ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ, ತುಂಬುವ ಮಕ್ಕಳ ಕಲಿಕೆಯ ಮಾಹಿತಿ ಅವರ ಕ್ಲಾಸಿಗೇ ವಾಪಸ್ ಬರಬೇಕು, ಅದೂ ನಾಳೆ ಬೆಳಿಗ್ಗೆ ಪಾಠ ಮಾಡುವಾಗ ಉಪಯೋಗಕ್ಕೆ ಬರುವ ಹಾಗೆ ಬರಬೇಕು.

ಇವತ್ತು ಪ್ರತಿ ಮಗುವಿಗೂ ಒಂದು ಎಸ್‌ಎಟಿಎಸ್ ನಂಬರ್ ಇದೆ. ವರ್ಷಕ್ಕೆ ನಾಲ್ಕು ಎಫ್‌ಎ (ನಡುನಡುವಿನ ಸಣ್ಣ ಪರೀಕ್ಷೆ), ಎರಡು ಎಸ್‌ಎ (ಅರ್ಧವರ್ಷದ, ವರ್ಷದ ಕೊನೆಯ ಪರೀಕ್ಷೆ) ಆಗುತ್ತವೆ, ಅಂಕ ತುಂಬುತ್ತಾರೆ. ಈಗ ಎಲ್‌ಬಿಎ ಅಂತ ಪಾಠಕ್ಕೊಂದು ಪರೀಕ್ಷೆಯೂ ಬಂದಿದೆ. ಒಂದೊಂದು ಪಾಠ ಮುಗಿದಾಗಲೂ ಮಗುವಿಗೆ ಏನು ಬಂತು ಅಂತ ನೋಡುವುದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನೋಡಿದ್ದನ್ನು ಬರೀ ಒಂದು ಸಂಖ್ಯೆ ಮಾಡಿ ಮೇಲಕ್ಕೆ ಕಳಿಸಿಬಿಟ್ಟರೆ ಅದರಿಂದ ಮಗುವಿಗೆ ಏನು ಸಿಕ್ಕಿತು?

ಐದನೇ ಕ್ಲಾಸಿನಲ್ಲಿ ಇಬ್ಬರು ಮಕ್ಕಳಿಗೆ ಗಣಿತದಲ್ಲಿ ಹತ್ತಕ್ಕೆ ನಾಲ್ಕು ಬಂದಿದೆ ಅಂದುಕೊಳ್ಳಿ. ಮೊದಲನೇ ಮಗು 52ರಲ್ಲಿ 27 ಕಳೆದು 35 ಅಂತ ಬರೆದಿದೆ. 2ರಲ್ಲಿ 7 ಹೋಗಲ್ಲ, ಅದಕ್ಕೆ ತಿರುಗಿಸಿ 7ರಲ್ಲಿ 2 ಕಳೆದಿದೆ. ಇಂಥ ಎಲ್ಲ ಲೆಕ್ಕದಲ್ಲೂ ಇದೇ ತಪ್ಪು. ಅಂದರೆ ಈ ಮಗು ಸುಮ್ನೆ ಏನೋ ಒಂದು ಬರೆದಿಲ್ಲ, ತಾನೇ ಒಂದು ನಿಯಮ ಮಾಡಿಕೊಂಡು ಅದರ ಪ್ರಕಾರ ಶ್ರದ್ಧೆಯಿಂದ ಮಾಡಿದೆ. ಇದಕ್ಕೆ ಹತ್ತು ಕಡ್ಡಿಯ ಕಟ್ಟು ಬಿಚ್ಚಿ ಬಿಡಿ ಮಾಡಿ ತೋರಿಸಬೇಕು, ಕೈಯಲ್ಲಿ ಹಿಡಿದು ಮಾಡಿದರೆ ಕೆಲವು ದಿನದಲ್ಲಿ ಬಂದುಬಿಡುತ್ತದೆ. ಎರಡನೇ ಮಗುವಿಗೆ ಕಳೆಯುವುದು ಚೆನ್ನಾಗಿ ಬರುತ್ತದೆ, ಆದರೆ ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟರೆ ಬಿಟ್ಟುಬಿಡುತ್ತದೆ. ಯಾಕೆಂದರೆ ಅದಕ್ಕೆ ಒತ್ತಕ್ಷರ ಓದಲು ಬರಲ್ಲ, ಪ್ರಶ್ನೆಯೇ ಅರ್ಥವಾಗಿಲ್ಲ. ಈ ಮಗುವಿಗೆ ಬೇಕಿರುವುದು ಕನ್ನಡ, ಗಣಿತ ಅಲ್ಲ. ಆದರೆ ಕಂಪ್ಯೂಟರಿನಲ್ಲಿ ಇಬ್ಬರೂ 4. ಇಬ್ಬರನ್ನೂ ಪರಿಹಾರ ಬೋಧನೆಗೆ ಕೂರಿಸುತ್ತಾರೆ, ಇಬ್ಬರಿಗೂ ಅದೇ ಮಗ್ಗಿ.

ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಮನೆಮನೆಗೆ ಹೋಗಿ ನೋಡುವ ಅಸರ್ ಸಮೀಕ್ಷೆಯ ವರದಿಯ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳಲ್ಲಿ ಎರಡನೇ ಕ್ಲಾಸಿನ ಪಠ್ಯ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2022ರಲ್ಲಿ ಶೇ 16.3 ಇದ್ದರು, 2024ರಲ್ಲಿ ಶೇ 23.4 ಆದರು. ಏರಿದ್ದು ಸಂತೋಷ. ಆದರೂ ಮುಕ್ಕಾಲು ಪಾಲು ಮಕ್ಕಳು ಇನ್ನೂ ಅಲ್ಲಿಗೆ ಮುಟ್ಟಿಲ್ಲ ಅಂದ ಮೇಲೆ, ಇಡೀ ಕ್ಲಾಸಿಗೆ ಒಂದೇ ಪಾಠ ಮಾಡಿ ಮುಗಿಸುವುದು ಯಾರಿಗಾಗಿ? ಅಸರ್‌ನವರು ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ, ಪದ, ಪ್ಯಾರಾ, ಕಥೆ, ಇಷ್ಟನ್ನೇ ಓದಿಸಿ ನೋಡುತ್ತಾರೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಆದರೂ ಶಿಕ್ಷಕರಿಗೆ ಅದರಿಂದ ಸಿಗುವ ದಾರಿ ಅಂಕಪಟ್ಟಿಯಿಂದ ಸಿಗುವುದಕ್ಕಿಂತ ಜಾಸ್ತಿ.

ಇದು ನಮಗೆ ಹೊಸದೂ ಅಲ್ಲ ಸರ್. ಮಗು ತನ್ನ ವೇಗದಲ್ಲಿ ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಹುಟ್ಟಿದ್ದೇ ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1990ರ ದಶಕದಲ್ಲಿ, ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಕೊಂಡು ಬಂದ ಶಿಕ್ಷಕರ ಕೈಯಲ್ಲಿ. ಕಲಿಕಾ ಏಣಿಯಲ್ಲಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳಲ್ಲಿ, ಯಾವ ಮಗು ಯಾವ ಮೈಲಿಗಲ್ಲಿನಲ್ಲಿದೆ ಅಂತ ಗೋಡೆಯ ಮೇಲಿನ ಪ್ರಗತಿ ನೋಟ ಅನ್ನುವ ಚಾರ್ಟಿನಲ್ಲಿ ಗುರುತು ಹಾಕುತ್ತಿದ್ದೆವು. ಬೆಳಿಗ್ಗೆ ಅದನ್ನು ನೋಡಿ ಗುಂಪು ಮಾಡುತ್ತಿದ್ದೆವು. ಶಿಕ್ಷಕರ ಸಹಾಯ ಪೂರ್ತಿ ಬೇಕಾದವರು ಒಂದು ಕಡೆ, ಜೊತೆಗಾರರ ಜೊತೆ ಕಲಿಯುವವರು ಇನ್ನೊಂದು ಕಡೆ, ತಾವೇ ಮಾಡಿಕೊಳ್ಳುವವರು ಮತ್ತೊಂದು ಕಡೆ. ವಾರ ರಜೆ ಹಾಕಿ ಬಂದ ಮಗು ಬಿಟ್ಟ ಜಾಗದಿಂದಲೇ ಶುರು ಮಾಡುತ್ತಿತ್ತು. ಮಾಹಿತಿ ಇಟ್ಟುಕೊಂಡು ಪಾಠ ಮಾಡುವುದು ಅಂದರೆ ಇದೇ ಅಲ್ವಾ? ಆದರೆ ಮೂರನೇ ಕ್ಲಾಸಿಗೆ ಏಣಿ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗು, ಏಣಿಯ ಯಾವ ಮೆಟ್ಟಿಲಲ್ಲೇ ಇರಲಿ, ಎಲ್ಲರ ಜೊತೆ ಪಠ್ಯಪುಸ್ತಕ ಬಿಚ್ಚಿ ಕೂರಬೇಕು.

ಗೋಡೆಯ ಮೇಲಿನ ಚಾರ್ಟ್ ಮಾಡಲಾಗದ ಒಂದು ಕೆಲಸವನ್ನು ಎಸ್‌ಎಟಿಎಸ್ ಮಾಡಬಹುದು, ನನಗೆ ಆಸೆ ಇರುವುದೇ ಅದರಲ್ಲಿ. ರಾಯಚೂರು, ಯಾದಗಿರಿ ಕಡೆಯಿಂದ ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಕಟ್ಟಡ ಕೆಲಸದ ಜಾಗಕ್ಕೆ ಬರುವ ಮಕ್ಕಳನ್ನು ನೆನೆಸಿಕೊಳ್ಳಿ. ನಂಬರ್ ಅವರ ಜೊತೆ ಬರುತ್ತದೆ. ಆ ನಂಬರ್ ಹಾಕಿದ ತಕ್ಷಣ ಹೊಸ ಶಾಲೆಯ ಮೇಡಂಗೆ 'ಪ್ಯಾರಾ ಓದುತ್ತಾಳೆ, ಒತ್ತಕ್ಷರದಲ್ಲಿ ನಿಲ್ಲುತ್ತಾಳೆ, ಕೂಡುವುದು ಬರುತ್ತದೆ, ದಶಕ ತೆಗೆದುಕೊಂಡು ಕಳೆಯುವುದು ಬರಲ್ಲ' ಅಂತ ನಾಲ್ಕು ಸಾಲು ಸಿಕ್ಕರೆ ಸಾಕು. ಆ ಮಗು ಹಿಂದಿನ ಬೆಂಚಿನಲ್ಲಿ ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಕೂರುವುದು ತಪ್ಪುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಈ ಮಾಹಿತಿಯನ್ನು ಶಿಕ್ಷಕರನ್ನು ಬೈಯಲು ಬಳಸಬೇಡಿ. ಮೀಟಿಂಗಿನಲ್ಲಿ ಕಡಿಮೆ ಬಂದ ಶಾಲೆಯವರನ್ನು ಎಬ್ಬಿಸಿ ನಿಲ್ಲಿಸಿದರೆ ಮುಂದಿನ ಸಲ ಎಲ್ಲ ಶಾಲೆಯಲ್ಲೂ ಎಲ್ಲ ಮಕ್ಕಳೂ ಚೆನ್ನಾಗಿ ಓದುತ್ತಾರೆ, ಕಾಗದದ ಮೇಲೆ. 'ಈ ಮಗುವಿಗೆ ಇನ್ನೂ ಬಂದಿಲ್ಲ' ಅಂತ ಧೈರ್ಯವಾಗಿ ಬರೆಯುವ ಶಿಕ್ಷಕಿಯೇ ನಿಜವಾಗಿ ಕೆಲಸ ಮಾಡುತ್ತಿರುವವಳು. ಮಕ್ಕಳ ಹೆಸರು, ಅಂಕ ಇಟ್ಟುಕೊಂಡು ರ‍್ಯಾಂಕ್ ಪಟ್ಟಿ ಮಾಡುವುದೂ ಬೇಡ. ಇಸ್ರೇಲಿನಲ್ಲಿ ರುತ್ ಬಟ್ಲರ್ ಅನ್ನುವವರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಬರೀ ಸಲಹೆ ಬರೆದುಕೊಟ್ಟ ಮಕ್ಕಳು ಸುಧಾರಿಸಿದರು, ಸಲಹೆಯ ಜೊತೆ ಅಂಕವನ್ನೂ ಕೊಟ್ಟವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡ ಮೇಲೆ ಮಗು ಸಲಹೆ ಯಾಕೆ ಓದುತ್ತದೆ ಹೇಳಿ?

ಇದಕ್ಕೆ ಸಮಯ ಬೇಕು, ಅದನ್ನು ನೀವೇ ಕೊಡಬೇಕು. ಮೂರು ಕ್ಲಾಸನ್ನು ಒಟ್ಟಿಗೆ ಕೂರಿಸಿಕೊಂಡು ಒಬ್ಬರೇ ಪಾಠ ಮಾಡುವ ಶಾಲೆಗಳಿವೆ. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ ಮುಗಿಸಿ, ನೆಟ್‌ವರ್ಕ್ ಸಿಗುವ ಜಾಗ ಹುಡುಕಿ, ರಾತ್ರಿ ತಮ್ಮದೇ ಮೊಬೈಲಿನಲ್ಲಿ ಡೇಟಾ ತುಂಬುವವರಿಗೆ ಇನ್ನೊಂದು ಕಾಲಂ ಸೇರಿಸಿದರೆ ಈ ಪತ್ರ ಬರೆದದ್ದೇ ದಂಡ. ಒಂದು ಕಾಲಂ ಸೇರಿಸುವುದಾದರೆ ಎರಡು ತೆಗೆಯಿರಿ. ದಿನಕ್ಕೆ ಒಂದು ಪೀರಿಯಡ್ ಮಟ್ಟಕ್ಕೆ ತಕ್ಕ ಗುಂಪಿನ ಕಲಿಕೆಗೆ ಅಂತಲೇ ವೇಳಾಪಟ್ಟಿಯಲ್ಲಿ ಬಿಡಿ, ಆ ಹೊತ್ತಿನಲ್ಲಿ ಯಾವ ವರದಿಯನ್ನೂ ಕೇಳಬೇಡಿ. ಸಿಆರ್‌ಪಿಗಳು (ಸುತ್ತಲಿನ ಶಾಲೆಗಳಿಗೆ ನೆರವಾಗಲು ಇಲಾಖೆ ಇಟ್ಟಿರುವ ಸಂಪನ್ಮೂಲ ವ್ಯಕ್ತಿಗಳು) ಶಾಲೆಗೆ ಬಂದಾಗ ರಿಜಿಸ್ಟರ್ ಬದಲು ಒಂದು ಗುಂಪಿನ ಜೊತೆ ನೆಲದ ಮೇಲೆ ಕೂತು ಕೆಲಸ ಮಾಡಲಿ.

ರಾಜ್ಯವಿಡೀ ಒಂದೇ ಸಲ ಬೇಡ. ಎಚ್.ಡಿ. ಕೋಟೆಯಿಂದಲೇ ಶುರು ಮಾಡಿ. ನಾಲ್ಕು, ಐದನೇ ಕ್ಲಾಸು ಮಾತ್ರ, ಕನ್ನಡ, ಗಣಿತ ಮಾತ್ರ, ಒಂದು ವರ್ಷ. ಏನನ್ನು ಗುರುತು ಮಾಡಬೇಕು ಅಂತ ಪಟ್ಟಿ ಮಾಡುವಾಗ ಅಲ್ಲಿನ ಶಿಕ್ಷಕರನ್ನೇ ಕೂರಿಸಿ. ಬರುವ ಜೂನ್‌ಗೆ ಮೊದಲು ನಿಮ್ಮ ಇಲಾಖೆಯಿಂದ ಒಂದು ಉತ್ತರ ಬಂದರೆ, ಆ ಪಟ್ಟಿ ಮಾಡುವ ಕೆಲಸಕ್ಕೆ ನಾನೂ ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಮೈಸೂರು ಜಿಲ್ಲೆ