ಆರ್ಟ್ ಥೆರಪಿ ಓದಬೇಕು ಅಂದೆಯಲ್ಲ ಗೆಳೆಯಾ, ಅದಕ್ಕೇ ಈ ಪತ್ರ

ಪ್ರೀತಿಯ ಗೆಳೆಯಾ,

ಡಿಸೈನ್ ಕೆಲಸ ಬಿಟ್ಟು ಆರ್ಟ್ ಥೆರಪಿ, ಅಂದರೆ ಚಿತ್ರ, ಮಣ್ಣು ಮುಂತಾದವನ್ನು ಬಳಸಿ ಮನಸ್ಸಿಗೆ ಚಿಕಿತ್ಸೆ ಕೊಡುವ ವಿದ್ಯೆ, ಓದೋಣ ಅಂತಿದ್ದೀಯ, ಓದಿದ ಮೇಲೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಕೆಲವರು ಕೇಳಿದ್ದರು, ಹಾಗಾಗಿ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ತಾನೇ?

ನಿನ್ನ ಮೆಸೇಜಿನ ಒಂದು ಸಾಲು ನನ್ನ ತಲೆಯಲ್ಲೇ ಉಳಿಯಿತು. "ನನಗೆ ಚಿತ್ರ ಅಂದರೆ ಪ್ರಾಣ, ದಿನವಿಡೀ ಅದರ ಜೊತೆಗೇ ಇರಬಹುದಲ್ಲ" ಅಂದಿದ್ದೀಯ. ಆ ಒಂದೇ ಕಾರಣಕ್ಕೆ ಈ ಓದಿಗೆ ಬರಬೇಡ. ಇಲ್ಲಿ ನೀನು ಚಿತ್ರ ಬಿಡಿಸುವುದಕ್ಕಿಂತ ಇನ್ನೊಬ್ಬರು ಬಿಡಿಸುವಾಗ ಪಕ್ಕದಲ್ಲಿ ಕೂತಿರುವುದೇ ಜಾಸ್ತಿ. ಅವರು ಗೆರೆ ಎಳೆದು ಅಳಿಸುತ್ತಾರೆ, ಹಾಳೆ ಹರಿದು ಹಾಕುತ್ತಾರೆ, ಕೆಲವೊಮ್ಮೆ ಪೂರ್ತಿ ಹೊತ್ತು ಬಣ್ಣದ ಡಬ್ಬಿ ಮುಟ್ಟುವುದೇ ಇಲ್ಲ. ಆಗ ನೀನು ಸುಮ್ಮನಿರಬೇಕು. "ಇಲ್ಲಿ ಸ್ವಲ್ಪ ನೀಲಿ ಹಾಕಿದ್ರೆ ಚೆನ್ನಾಗಿರುತ್ತೆ" ಅನ್ನುವ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಬೇಕು. ವರ್ಷಗಟ್ಟಲೆ ಡಿಸೈನ್ ಮಾಡಿದವನಿಗೆ ಇದು ಕಷ್ಟ, ತುಂಬಾನೇ ಕಷ್ಟ. ಚಿತ್ರದ ಮೇಲಿರುವ ಪ್ರೀತಿಗಿಂತ ಮನುಷ್ಯರ ಮೇಲಿನ ಕುತೂಹಲ ಜಾಸ್ತಿ ಇದ್ದರೆ ಮಾತ್ರ ಈ ಕೆಲಸದಲ್ಲಿ ಬಹಳ ದಿನ ನಿಲ್ಲುತ್ತೀಯ. ನನಗೆ ನೀನು ಗೊತ್ತಿರುವ ಮಟ್ಟಿಗೆ, ಆ ಕುತೂಹಲ ನಿನ್ನಲ್ಲಿದೆ. ಆದರೂ ಒಮ್ಮೆ ನಿನ್ನನ್ನೇ ಕೇಳಿಕೋ.

ಇದು ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಓದುವಾಗ ಆಗುವ ಎಷ್ಟೋ ಗೊಂದಲ ಕಡಿಮೆಯಾಗುತ್ತದೆ. ಏಡ್ರಿಯನ್ ಹಿಲ್ ಅನ್ನುವ ಇಂಗ್ಲೆಂಡಿನ ಚಿತ್ರಕಾರ ಕ್ಷಯ ಬಂದು ಸ್ಯಾನಟೋರಿಯಂ (ಕ್ಷಯ ರೋಗಿಗಳ ಆಸ್ಪತ್ರೆ) ಸೇರಿದ್ದರು. ಅಲ್ಲಿ ಚೇತರಿಸಿಕೊಳ್ಳುವಾಗ ಚಿತ್ರ ಬಿಡಿಸಿದರು, ಆಮೇಲೆ ಜೊತೆಯ ರೋಗಿಗಳ ಕೈಗೂ ಪೆನ್ಸಿಲ್ ಕೊಟ್ಟರು. 1942ರಲ್ಲಿ ಆರ್ಟ್ ಥೆರಪಿ ಅನ್ನುವ ಹೆಸರಿಟ್ಟವರು ಅವರೇ. ಅದೇ ಕಾಲದಲ್ಲಿ ಅಮೆರಿಕದಲ್ಲಿ ಮಾರ್ಗರೆಟ್ ನೌಮ್‌ಬರ್ಗ್ ಮನೋವಿಶ್ಲೇಷಣೆಯ (ಒಳಮನಸ್ಸಿನಲ್ಲಿ ಅಡಗಿದ್ದನ್ನು ಹೊರತೆಗೆಯುವ ಚಿಕಿತ್ಸೆಯ) ಕಡೆಯಿಂದ ಬಂದರು. ಅವರ ಪ್ರಕಾರ ಒಳಗೆ ಅಡಗಿದ್ದು ಚಿತ್ರದಲ್ಲಿ ಹೊರಗೆ ಬರುತ್ತದೆ, ಬಂದ ಮೇಲೆ ಅದರ ಬಗ್ಗೆ ಮಾತಾಡಬೇಕು. ಎಡಿತ್ ಕ್ರೇಮರ್ ಅನ್ನುವ ಚಿತ್ರಕಲಾವಿದೆ ಇನ್ನೊಂದು ದಾರಿ ಹಿಡಿದರು. ಮಾಡುವುದರಲ್ಲೇ ವಾಸಿ ಮಾಡುವ ಗುಣ ಇದೆ, ಎಲ್ಲವನ್ನೂ ಮಾತಿಗೆ ಎಳೆಯಬೇಕಿಲ್ಲ ಅಂದರು. ಕ್ಲಾಸಿನಲ್ಲಿ ಇವತ್ತಿಗೂ ಇದರ ಮೇಲೆ ಚರ್ಚೆ ನಡೆಯುತ್ತದೆ. ನಾನು ಕ್ರೇಮರ್ ಕಡೆ. ಮಾತು ಬೇಕಾದವರಿಗೆ ಬೇಕು, ಆದರೆ ಮಾತಿನಿಂದಲೇ ಸುಸ್ತಾದವರು ಎಷ್ಟೋ ಜನ ಇದ್ದಾರೆ.

ಈ ಕ್ರೇಮರ್ ಅವರಿಗೆ ಪಾಠ ಹೇಳಿದವರು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅನ್ನುವ ಯಹೂದಿ ಕಲಾವಿದೆ. ನಾಜಿಗಳು ಅವರನ್ನು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಗೆಟ್ಟೋಗೆ ಅಟ್ಟಿದಾಗ ಅಲ್ಲಿನ ಮಕ್ಕಳಿಗೆ ಸಿಕ್ಕ ಸಿಕ್ಕ ಕಾಗದದಲ್ಲೇ ಚಿತ್ರ, ಕೊಲಾಜ್ (ತುಣುಕುಗಳನ್ನು ಅಂಟಿಸಿ ಮಾಡುವ ಚಿತ್ರ) ಮಾಡಿಸಿದರು. ಮಕ್ಕಳು ತಮ್ಮ ಹಾಳೆಯ ಮೇಲೆ ಹೆಸರು ಬರೆಯಲೇಬೇಕಿತ್ತು. 1944ರಲ್ಲಿ ಫ್ರೀಡ್ಲ್ ಅವರನ್ನು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಹೋಗುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿಟ್ಟಿದ್ದರು, ಅವು ಉಳಿದವು, ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಮನುಷ್ಯರನ್ನು ನಂಬರಿನಿಂದ ಎಣಿಸುತ್ತಿದ್ದ ಜಾಗದಲ್ಲಿ ಒಂದು ಮಗು ತನ್ನ ಚಿತ್ರಕ್ಕೆ ತನ್ನ ಹೆಸರು ಹಾಕುವುದು ಎಷ್ಟು ದೊಡ್ಡ ವಿಷಯ ನೋಡು. ಕ್ಲೈಂಟ್, ಅಂದರೆ ಥೆರಪಿಗೆ ಬಂದವರು, ಮಾಡಿದ ಚಿತ್ರ ಕ್ಲೈಂಟ್‌ಗೇ ಸೇರಿದ್ದು, ಅವರು ಒಪ್ಪದೆ ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ ಅಂತ ನಮಗೆ ಮೊದಲೇ ಕಲಿಸುತ್ತಾರೆ. ಆ ನಿಯಮ ಓದಿದಾಗಲೆಲ್ಲ ನನಗೆ ಆ ಸೂಟ್‌ಕೇಸುಗಳ ನೆನಪಾಗುತ್ತದೆ. ನಾನು ನೋಡಿದ ಯಾರ ಕಥೆಯನ್ನೂ ಈ ಪತ್ರದಲ್ಲಿ ಬರೆಯದಿರುವುದಕ್ಕೂ ಅದೇ ಕಾರಣ.

ಓದಿನಲ್ಲಿ ಮಕ್ಕಳ ಬೆಳವಣಿಗೆ, ಮಾನಸಿಕ ಕಾಯಿಲೆಗಳು, ಗುಂಪು ನಡೆಸುವುದು, ಸಂಶೋಧನೆ ಎಲ್ಲ ಇರುತ್ತವೆ, ಯಾವ ಸಿಲಬಸ್ ತೆಗೆದರೂ ಗೊತ್ತಾಗುತ್ತೆ. ನನಗೆ ತುಂಬಾ ಹಿಡಿಸಿದ್ದು ಸಾಮಗ್ರಿಗಳ ಪಾಠ. ನೀನು ಇಷ್ಟು ವರ್ಷ ಪೆನ್ಸಿಲ್, ಬಣ್ಣ, ಮಣ್ಣನ್ನು ಏನು ಬರುತ್ತೆ ಅಂತ ನೋಡಿ ಆರಿಸಿದ್ದೀಯ. ಇಲ್ಲಿ ಅದು ಕೈಗೆ, ಮನಸ್ಸಿಗೆ ಏನು ಮಾಡುತ್ತೆ ಅಂತ ನೋಡಿ ಆರಿಸಬೇಕು. ಪೆನ್ಸಿಲ್ ಹಿಡಿತಕ್ಕೆ ಸಿಗುತ್ತದೆ, ಅಳಿಸಬಹುದು, ಹಾಗಾಗಿ ಹೆದರಿದವರಿಗೆ ಧೈರ್ಯ ಕೊಡುತ್ತದೆ. ವಾಟರ್ ಕಲರ್ ತನ್ನ ಪಾಡಿಗೆ ಹರಿಯುತ್ತದೆ, ಬಿಗಿಯಾಗಿ ಕೂತಿರುವವರನ್ನು ಸ್ವಲ್ಪ ಸಡಿಲ ಮಾಡಬಹುದು, ಆದರೆ ಮೊದಲೇ ಮನಸ್ಸು ಕದಡಿರುವವರ ಕೈಗೆ ಅದನ್ನು ಕೊಟ್ಟರೆ ಇನ್ನಷ್ಟು ಕದಡಬಹುದು. ಜೇಡಿಮಣ್ಣನ್ನು ಹೊಡೆಯಬಹುದು, ಹಿಸುಕಬಹುದು, ಕೆಡಿಸಿ ಮತ್ತೆ ಮುದ್ದೆ ಮಾಡಬಹುದು, ಅದಕ್ಕೇನೂ ನೋವಾಗುವುದಿಲ್ಲ, ಸಿಟ್ಟಿಗೆ ಒಳ್ಳೆಯ ಜಾಗ. ಆದರೆ ದೌರ್ಜನ್ಯ ಅನುಭವಿಸಿದವರಿಗೆ ಅದರ ಒದ್ದೆ, ಜಿಗುಟು ಬೇಡದ ನೆನಪು ತಂದುಬಿಡಬಹುದು. "ನನಗೆ ಬಿಡಿಸೋಕೆ ಬರಲ್ಲ" ಅನ್ನುವವರಿಗೆ ಕೊಲಾಜ್ ಸುಲಭ, ಚಿತ್ರಗಳು ಆಗಲೇ ಅಲ್ಲಿವೆ, ಆರಿಸಿ ಅಂಟಿಸಿದರೆ ಆಯಿತು. ಹಾಳೆ ಎಷ್ಟು ದೊಡ್ಡದು ಅನ್ನುವುದು ಕೂಡ ಲೆಕ್ಕಕ್ಕೆ ಬರುತ್ತದೆ.

ಇದನ್ನೆಲ್ಲ 1978ರಲ್ಲಿ ಸಾಂಡ್ರಾ ಕೇಗಿನ್ ಮತ್ತು ವೀಯಾ ಲೂಸ್‌ಬ್ರಿಂಕ್ ಒಂದು ಚೌಕಟ್ಟಿಗೆ ತಂದರು. ಕೈಯ ಚಲನೆ ಮತ್ತು ಸ್ಪರ್ಶದ ಮಟ್ಟ, ಆಕಾರ ಮತ್ತು ಭಾವನೆಯ ಮಟ್ಟ, ಯೋಚನೆ ಮತ್ತು ಸಂಕೇತದ ಮಟ್ಟ. ವ್ಯಕ್ತಿ ಈಗ ಎಲ್ಲಿದ್ದಾರೆ, ಅಲ್ಲಿಂದ ಯಾವ ಕಡೆ ಹೋದರೆ ಒಳ್ಳೆಯದು, ಅದಕ್ಕೆ ಯಾವ ಸಾಮಗ್ರಿ ಕೊಡಬೇಕು ಅಂತ ಯೋಚಿಸುವುದಕ್ಕೆ ಇದು ಸಹಾಯ ಮಾಡುತ್ತದೆ. ನಿನ್ನ ಡಿಸೈನ್ ಅನುಭವ ಪೂರ್ತಿ ಕೆಲಸಕ್ಕೆ ಬರುವುದು ಇಲ್ಲೇ, ಕಾಗದ ಬಣ್ಣಗಳ ಸ್ವಭಾವ ನಿನಗೆ ಬೆರಳಿನಲ್ಲೇ ಗೊತ್ತಿದೆ.

ಚಿತ್ರ ನೋಡಿ ಮನಸ್ಸು ಓದುವ ವಿದ್ಯೆ ಇದು ಅಂತ ಯಾರಾದರೂ ಹೇಳಿದರೆ ನಂಬಬೇಡ. ಮನೆ, ಮರ, ಮನುಷ್ಯ ಬಿಡಿಸಿ ಅನ್ನುವ ಪರೀಕ್ಷೆ 1948ರಿಂದ ಇದೆ, ಮರದಲ್ಲಿ ಪೊಟರೆ ಇದ್ದರೆ ಹಳೆಯ ಗಾಯ ಇದೆ ಅನ್ನುವಂಥ ಅರ್ಥಗಳೂ ಓಡಾಡುತ್ತವೆ. ಇಂಥ ಒಂದೊಂದು ಗುರುತಿನಿಂದ ತೀರ್ಮಾನಕ್ಕೆ ಬರುವುದಕ್ಕೆ ಗಟ್ಟಿ ಆಧಾರ ಇಲ್ಲ. ಮಗು ಕಪ್ಪು ಬಣ್ಣ ಬಳಿದರೆ ದುಃಖ ಇರಬಹುದು, ಡಬ್ಬಿಯಲ್ಲಿ ಕಪ್ಪು ಕ್ರೇಯಾನ್ ಮಾತ್ರ ಉಳಿದಿರಲೂಬಹುದು. ಕೇಳಿದರೆ ಮಗುವೇ ಹೇಳುತ್ತದೆ, ಅಲ್ವಾ?

ಪರಿಣಾಮದ ಬಗ್ಗೆಯೂ ಎರಡೂ ಕಡೆ ನೋಡು. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನರಿಗೆ 45 ನಿಮಿಷ ಚಿತ್ರ, ಮಣ್ಣು, ಕೊಲಾಜ್ ಮಾಡಲು ಬಿಟ್ಟು ಒತ್ತಡದ ಹಾರ್ಮೋನ್ ಆದ ಕಾರ್ಟಿಸೋಲ್ ಅಳೆದರು, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಎಲ್ಲರೂ ಇದನ್ನು ಹಂಚಿಕೊಳ್ಳುತ್ತಾರೆ. ಆದರೆ ಅವರು ಕಾಯಿಲೆಯವರಲ್ಲ, ಗುಂಪೂ ಚಿಕ್ಕದು. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವ 417 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು, ಅದರಲ್ಲಿ ಗುಂಪಿನ ಆರ್ಟ್ ಥೆರಪಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಜರಾತಿ ತುಂಬಾ ಕಡಿಮೆ ಇತ್ತು, ಅದನ್ನೂ ಹೇಳಬೇಕು. ಈ ಎರಡನೆಯದರ ಬಗ್ಗೆ ಪಾಠ ಮಾಡದ ಕೋರ್ಸಿಗೆ ಸೇರಬೇಡ ಅಂತ ನಾನು ಹೇಳುತ್ತೇನೆ. ಯಾರಿಗೆ, ಯಾವಾಗ ಕೆಲಸ ಮಾಡುವುದಿಲ್ಲ ಅಂತ ತಿಳಿಯದೆ ಕಾಯಿಲೆಯವರ ಮುಂದೆ ಕೂರುವುದು ತಪ್ಪು.

ಈಗ ಅರ್ಹತೆಯ ವಿಷಯ. ಬಹುತೇಕ ಕಡೆ ಇದು ಮಾಸ್ಟರ್ಸ್ ಓದು. ಬ್ರಿಟನ್ನಿನಲ್ಲಿ ಆರ್ಟ್ ಥೆರಪಿಸ್ಟ್ ಅನ್ನುವ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ನೋಂದಣಿ ಇಲ್ಲದೆ ಹಾಗೆ ಕರೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಮಾನ್ಯತೆ ಪಡೆದ ಕೋರ್ಸಿನಲ್ಲಿ 100 ಗಂಟೆ ಪ್ರಾಕ್ಟಿಕಮ್ (ಮೇಲ್ವಿಚಾರಣೆಯಲ್ಲಿ ಮಾಡುವ ಮೊದಲ ಅಭ್ಯಾಸ), ಆಮೇಲೆ 600 ಗಂಟೆ ಇಂಟರ್ನ್‌ಶಿಪ್ ಬೇಕು, ಪ್ರತ್ಯೇಕ ಲೈಸೆನ್ಸ್ ಕೊಡುವುದು ಕೆಲವು ರಾಜ್ಯಗಳು ಮಾತ್ರ. ಅದಕ್ಕೇ ಅಲ್ಲಿ ಎಷ್ಟೋ ಜನ ಕೌನ್ಸೆಲಿಂಗ್ ಲೈಸೆನ್ಸನ್ನೂ ಸೇರಿಸಿಕೊಳ್ಳುತ್ತಾರೆ. ನಿನಗೂ ನನ್ನ ಸಲಹೆ ಅದೇ, ಎರಡೂ ಸಿಗುವ ಕೋರ್ಸ್ ಹುಡುಕು. ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳು ರುಚಿ ನೋಡುವುದಕ್ಕೆ ಸರಿ, ಅದನ್ನು ನಂಬಿ ಥೆರಪಿಸ್ಟ್ ಅಂತ ಬೋರ್ಡ್ ಹಾಕಿಕೊಳ್ಳಬಾರದು. ಓದುವಾಗ ನೀನೂ ಥೆರಪಿಗೆ ಹೋಗಬೇಕಾಗಬಹುದು, ಬ್ರಿಟನ್ನಿನಲ್ಲಿ ಅದು ಕಡ್ಡಾಯ. ಖರ್ಚಿನ ಲೆಕ್ಕದಲ್ಲಿ ಅದನ್ನೂ ಹಿಡಿ. ಸೂಪರ್‌ವಿಷನ್, ಅಂದರೆ ಅನುಭವಿ ಥೆರಪಿಸ್ಟ್ ಜೊತೆ ಕೂತು ನಿನ್ನ ಕೆಲಸದ ಬಗ್ಗೆ ಮಾತಾಡುವುದು, ಅದಂತೂ ಕೆಲಸ ಸಿಕ್ಕ ಮೇಲೂ ನಡೆಯುತ್ತಲೇ ಇರುತ್ತದೆ, ಅದಿಲ್ಲದೆ ಈ ಭಾರ ಒಬ್ಬನೇ ಹೊರಬೇಡ.

ಕೆಲಸಗಳು ಎಲ್ಲೆಲ್ಲಿ ಅಂತೀಯ? ಮಾನಸಿಕ ಆಸ್ಪತ್ರೆ, ಮಕ್ಕಳ ವಾರ್ಡ್, ಕ್ಯಾನ್ಸರ್ ವಿಭಾಗ, ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್, ವಿಶೇಷ ಶಾಲೆ, ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರ, ಜೈಲು, ವ್ಯಸನ ಬಿಡಿಸುವ ಕೇಂದ್ರ, ನಿರಾಶ್ರಿತರ ಜೊತೆ ಕೆಲಸ ಮಾಡುವ ಸಂಸ್ಥೆಗಳು. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟಾದ, ಯುದ್ಧದ ಆಘಾತ ಇರುವ ಸೈನಿಕರು ಮುಖವಾಡ ಮಾಡುತ್ತಾರೆ, ಬಾಯಿಗೆ ಬೀಗ ಹಾಕಿದ ಮುಖವಾಡಗಳ ಫೋಟೋ ನೀನೂ ನೋಡಿರಬಹುದು. ಕೆನಡಾದ ಮಾಂಟ್ರಿಯಲ್ ಲಲಿತಕಲಾ ಮ್ಯೂಸಿಯಂ ತನ್ನದೇ ಆರ್ಟ್ ಥೆರಪಿಸ್ಟ್ ಇಟ್ಟುಕೊಂಡಿದೆ, 2018ರಲ್ಲಿ ಅಲ್ಲಿನ ಡಾಕ್ಟರುಗಳು ಮ್ಯೂಸಿಯಂ ನೋಡಿ ಬನ್ನಿ ಅಂತ ಚೀಟಿ ಬರೆಯುವುದಕ್ಕೂ ಶುರು ಮಾಡಿದರು. ನಿನ್ನಂಥವನಿಗೆ ಮ್ಯೂಸಿಯಂ ಕೆಲಸ ಹೊಂದುತ್ತೆ ಅಂತ ನನಗೆ ಬಹಳ ಅನ್ನಿಸುತ್ತೆ, ಆದರೆ ಅಂಥ ಹುದ್ದೆ ತುಂಬಾ ಅಪರೂಪ. ಪಾಠ ಹೇಳುವುದು, ಸಂಶೋಧನೆ ಕೂಡ ಇವೆ, ಅವು ಅನುಭವ ಆದ ಮೇಲಿನ ಮಾತು.

ಜಾಹೀರಾತಿನಲ್ಲಿ ಆರ್ಟ್ ಥೆರಪಿಸ್ಟ್ ಬೇಕಾಗಿದ್ದಾರೆ ಅಂತಲೇ ಬರೆದಿರುತ್ತದೆ ಅಂದುಕೊಳ್ಳಬೇಡ. ಕೌನ್ಸೆಲರ್, ಚಟುವಟಿಕೆ ಸಂಯೋಜಕ, ಪುನರ್ವಸತಿ ತಂಡದ ಸದಸ್ಯ ಅನ್ನುವ ಹೆಸರಿನಲ್ಲಿ ಒಳಗೆ ಹೋಗಿ, ಆಮೇಲೆ ಬಣ್ಣದ ಡಬ್ಬಿ ತೆಗೆಯುವವರೇ ಜಾಸ್ತಿ. ಎರಡು ಮೂರು ಕಡೆ ಅರೆಕಾಲಿಕ ಕೆಲಸ ಸೇರಿಸಿ ಒಂದು ಸಂಬಳ ಮಾಡಿಕೊಳ್ಳುವವರೂ ಇದ್ದಾರೆ. ಹಣ ಈಗ ನಿನಗೆ ಬರುತ್ತಿರುವುದಕ್ಕಿಂತ ಕಡಿಮೆ ಬರುವ ಸಾಧ್ಯತೆಯೇ ಹೆಚ್ಚು, ಮನೆಯವರ ಜೊತೆ ಈ ಮಾತು ಈಗಲೇ ಆಡಿಬಿಡು. ಸ್ವಂತ ಕ್ಲಿನಿಕ್ ತೆರೆಯುವ ಆಸೆ ಇದ್ದರೂ ಮೊದಲು ಕೆಲವು ವರ್ಷ ಒಂದು ತಂಡದಲ್ಲಿ ಇರು. ಯಾರಾದರೂ ಸಾಯುವ ಮಾತಾಡಿದಾಗ ಪಕ್ಕದ ಕೋಣೆಯಲ್ಲಿ ಮನೋವೈದ್ಯರು ಇರುವುದಕ್ಕೂ, ನೀನೊಬ್ಬನೇ ಇರುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಅರ್ಜಿ ಹಾಕುವ ಮುಂಚೆ ಮೂರು ನಾಲ್ಕು ತಿಂಗಳು ಎಲ್ಲಾದರೂ ಸ್ವಯಂಸೇವೆ ಮಾಡು ಮಾರಾಯಾ. ವೃದ್ಧಾಶ್ರಮ ಆಗಲಿ, ಮಕ್ಕಳ ಕೇಂದ್ರ ಆಗಲಿ. ಕಲಿಸುವುದಕ್ಕೆ ಹೋಗಬೇಡ, ಸಾಮಾನು ಜೋಡಿಸಿಕೊಟ್ಟು ಜೊತೆಗೆ ಕೂರು. ದಿನದ ಕೊನೆಗೆ ನಿನಗೆ ಏನು ನೆನಪಿರುತ್ತೆ ನೋಡು, ಚಿತ್ರಗಳೋ, ಮಾಡಿದ ಜನರೋ. ಮನಶ್ಶಾಸ್ತ್ರದ ಪೇಪರುಗಳು ನಿನ್ನ ಡಿಗ್ರಿಯಲ್ಲಿ ಇರಲಿಲ್ಲ, ಅವು ಮೊದಲೇ ಬೇಕಾಗುತ್ತವೆ, ಆನ್‌ಲೈನ್‌ನಲ್ಲಿ ಮಾಡಿದರೆ ನಡೆಯುತ್ತಾ ಅಂತ ಆಯಾ ಕಾಲೇಜಿಗೆ ಬರೆದು ಕೇಳು. ಪೋರ್ಟ್‌ಫೋಲಿಯೊದಲ್ಲಿ ಕ್ಲೈಂಟ್‌ಗೆ ಅಂತ ಮಾಡಿದ ಡಿಸೈನ್‌ಗಳನ್ನೇ ತುಂಬಬೇಡ, ನಿನಗಾಗಿ ಬಿಡಿಸಿದ ಆ ಹಳೆಯ ಇದ್ದಿಲು ಚಿತ್ರಗಳನ್ನೂ ಸೇರಿಸು.

ಅರ್ಜಿಯ ಜೊತೆ ಯಾಕೆ ಓದಬೇಕು ಅಂತ ಒಂದು ಪುಟ ಬರೆಯಬೇಕಲ್ಲ, ಅದನ್ನು ಬರೆದು ನನಗೆ ಕಳಿಸು. ಓದಿ, ಎಲ್ಲಿ ಒಪ್ಪಲಿಲ್ಲ ಅಂತ ಅಂಚಿನಲ್ಲಿ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ನಿನ್ನ ಗೆಳೆಯ